ಬೇಲಿಗೆ ಬಂದ ಕಾಮಲತೆ

ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿಗೆ ಹೋದವರು ಅಲ್ಲಿನ ಪುಷ್ಕರಿಣಿಯನ್ನು ನೋಡದೆ ಹಿಂದಿರುಗುವುದಿಲ್ಲ. ಊರವರ ಮಾತಿನಲ್ಲಿ ಅದು ‘ಹೊಂಡ’. ನಾಲ್ಕೂ ಕಡೆ ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳು, ನೀರಿನ ನಡುವೆ ವಸಂತ ಮಂಟಪ, ಅಂಚಿನಲ್ಲಿ ಚಿಕ್ಕ ಚಿಕ್ಕ ಮಂಟಪಗಳು, ಎದುರಿಗೆ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಹೊಂಡವನ್ನು ಕಟ್ಟಿಸಿದವನು ಇಲ್ಲಿ ಆಳಿದ ನಾಯಕ ಮನೆತನದ ಕೆಂಗ ಹನುಮಪ್ಪನಾಯಕ. ಕಾಲ 16ನೆಯ ಶತಮಾನ ಎನ್ನುತ್ತಾರೆ.

ವಸಂತ ಮಂಟಪ ಎಂದ ಮೇಲೆ ಅದರ ಸುತ್ತ ಒಂದು ಹೂದೋಟವನ್ನು ಕಲ್ಪಿಸಿಕೊಳ್ಳದಿರುವುದು ಕಷ್ಟ. ಆ ಕಾಲದ ದೃಶ್ಯವನ್ನು ಬರೆದುಕೊಡಿ ಎಂದು ಒಬ್ಬ ಚಿತ್ರಕಾರನನ್ನು ಕೇಳಿದೆವೆನ್ನಿ. ಆತ ನಾಯಕನ ತೋಟದ ಚಪ್ಪರಕ್ಕೆ ನವಿಲುಗರಿಯಂಥ ಎಲೆ, ನಕ್ಷತ್ರದಂಥ ಕೆಂಪು ಹೂ ಇರುವ ಕಾಮಲತೆಯನ್ನು ಹಬ್ಬಿಸಿದರೆ ನಮ್ಮಲ್ಲಿ ಯಾರೂ ಆಕ್ಷೇಪಿಸಲಾರರು. ಹೆಸರೇ ಹೇಳುತ್ತದಲ್ಲ, ಮನ್ಮಥನ ಬಳ್ಳಿ! ಇದಕ್ಕಿಂತ ದೇಶೀಯವಾದ ಬಳ್ಳಿ ಇನ್ನಾವುದು? ಆದರೆ ಚಿತ್ರಕಾರನ ಆ ಬಳ್ಳಿ ಬಹುಮಟ್ಟಿಗೆ ತಪ್ಪು. ಹನುಮಪ್ಪನಾಯಕನ ಕಾಲಕ್ಕೆ ಅದು ಚನ್ನಗಿರಿಯ ಸೀಮೆಗೆ ಬಂದಿರುವ ಸಂಭವ ತೀರ ಕಡಿಮೆ. ಕಾಮಲತೆಯ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೆರಿಕದ ಗಿಡಬಳ್ಳಿಗಳು ಒಂದೊಂದಾಗಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿಯತೊಡಗಿದ್ದು ಅದರ ಅನಂತರ.

ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊಗಳ ಕಥೆ ಕನ್ನಡಿಗರಿಗೆ ಹೊಸದಲ್ಲ. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಪುಸ್ತಕಕ್ಕೇ ಹೆಸರಿಟ್ಟುಬಿಟ್ಟರು. ಹೊಟ್ಟೆಗೆ ಬಂದದ್ದನ್ನು ನಾವು ಒಪ್ಪಿಕೊಂಡಿದ್ದೇವೆ. ಬೇಲಿಗೆ ಬಂದದ್ದನ್ನು ಮಾತ್ರ ಇನ್ನೂ ಸರಿಯಾಗಿ ಗುರುತಿಸಿಲ್ಲ.

ಗುರುತು ಹಿಡಿಯುವ ಬಗೆ

ಇಂಗ್ಲಿಷಿನಲ್ಲಿ ‘ಮಾರ್ನಿಂಗ್ ಗ್ಲೋರಿ’ ಎಂದು ಒಟ್ಟಾಗಿ ಕರೆಯುವ ಬಳ್ಳಿಗಳೆಲ್ಲ ಕನ್ವಾಲ್ವುಲೇಸೀ ಎಂಬ ಸಸ್ಯಕುಟುಂಬಕ್ಕೆ ಸೇರಿದವು. ಸುಮಾರು 1,600 ಪ್ರಭೇದಗಳ ದೊಡ್ಡ ಸಂಸಾರ ಅದು. ಅದರಲ್ಲಿ ಅತಿ ದೊಡ್ಡ ಕವಲು ಐಪೋಮಿಯಾ. ಗ್ರೀಕ್ ಭಾಷೆಯಲ್ಲಿ ‘ಹುಳುವಿನಂಥದು’ ಎಂದು ಅರ್ಥ. ಹುಳು ತೆವಳಿದಂತೆ ಸುತ್ತಿಕೊಂಡು ಹೋಗುವ ಬಳ್ಳಿಗೆ ಇಷ್ಟು ಚೆಲುವಾದ ಹೂವಿದ್ದೂ ಲಿನೇಯಸ್ ಅಂಥ ಹೆಸರನ್ನು ಆರಿಸಿದ.

ಈ ಸಂಸಾರದ ಮುಖಲಕ್ಷಣವನ್ನು ಒಮ್ಮೆ ನೋಡಿಕೊಂಡರೆ ಮತ್ತೆ ಮರೆಯುವುದಿಲ್ಲ. ದಳಗಳು ಬಿಡಿಬಿಡಿಯಾಗಿರದೆ ಕೂಡಿಕೊಂಡು ಒಂದೇ ಆಲಿಕೆಯಾಗಿರುತ್ತವೆ. ಆಲಿಕೆಯೊಳಗೆ ಇಣುಕಿದರೆ ನಡುವಿನಿಂದ ಅಂಚಿಗೆ ಐದು ಪಟ್ಟೆಗಳು ನಕ್ಷತ್ರದಂತೆ ಹರಡಿರುತ್ತವೆ. ಮೊಗ್ಗು ಮಡಿಸಿದ ಕೊಡೆಯ ಹಾಗೆ ತಿರುಚಿಕೊಂಡಿರುತ್ತದೆ. ಹೆಚ್ಚಿನವುಗಳ ಕುಡಿಯನ್ನು ಚಿವುಟಿದರೆ ಹಾಲು ಒಸರುತ್ತದೆ. ಹೂವಿನ ಆಯುಸ್ಸು ಕೆಲವೇ ಗಂಟೆ. ಸಿಹಿಗೆಣಸಿನ ಹೊಲದಲ್ಲಿ ಅಪರೂಪಕ್ಕೆ ಬಿಡುವ ತೆಳುನೇರಳೆಯ ಹೂವನ್ನು ಕಂಡವರಿಗೆ ಇದು ತಿಳಿದ ಮುಖವೇ. ಗೆಣಸು ಈ ಕುಟುಂಬದ್ದು ಮಾತ್ರವಲ್ಲ, ಕಾಮಲತೆಯ ಕವಲಿನದೇ.

ಇನ್ನು ಒಂದೊಂದನ್ನೂ ಬೇರ್ಪಡಿಸಲು ಎಲೆಯೇ ಸಾಕ್ಷಿ. ಕಾಮಲತೆಯ ಎಲೆ ಗರಿಯಂತೆ ಸೀಳಿ ಸೀಳಿ ದಾರದಷ್ಟು ತೆಳುವಾಗಿರುತ್ತದೆ. ನಮ್ಮ ಬೇಲಿಗಳಲ್ಲಿ ಕಾಣುವ ಬೇರೆ ಐಪೋಮಿಯಾಗಳಿಗೆ ಇಷ್ಟು ನವುರಾದ ಎಲೆಯಿಲ್ಲ. ಹೂ ಅಗಲವಾದ ಆಲಿಕೆಯಲ್ಲ, ಉದ್ದ ಕೊಳವೆಯ ತುದಿಯಲ್ಲಿ ಐದು ಮೂಲೆಯ ಚಿಕ್ಕ ನಕ್ಷತ್ರ. ಅದರಂತೆಯೇ ಕೆಂಪು ಹೂ ಬಿಟ್ಟು, ಎಲೆ ಮಾತ್ರ ಹೃದಯದಂತೆಯೋ ಮೂರು ಹಾಲೆಯಾಗಿಯೋ ಇದ್ದರೆ ಅದು ಕಾಮಲತೆಯಲ್ಲ, ಅದರ ಹತ್ತಿರದ ನೆಂಟ ಐಪೋಮಿಯಾ ಹೆಡರಿಫೋಲಿಯಾ, ಅದೂ ಅಮೆರಿಕದ್ದೇ. ಅಂಗೈ ಬೆರಳಿನಂತೆ ಐದಾಗಿ ಸೀಳಿದ ಎಲೆ, ನಸುನೇರಳೆಯ ದೊಡ್ಡ ಹೂ ಇದ್ದರೆ ‘ರೈಲ್ವೆ ಬಳ್ಳಿ’: ನಿಲ್ದಾಣಗಳ ಬೇಲಿಯ ಮೇಲೆ ಹಬ್ಬಿಸಿದ್ದರಿಂದ ಬಂದ ಹೆಸರು. ಮೂರು ಹಾಲೆಯ ರೋಮಭರಿತ ಎಲೆ, ಆಕಾಶನೀಲಿಯ ಹೂ ಇದ್ದರೆ ಐಪೋಮಿಯಾ ನಿಲ್. ಅದರ ಕಪ್ಪು ಬೀಜ ‘ಕಾಲಾದಾನ’ ಎಂಬ ಹೆಸರಿನ ಭೇದಿಯ ಮದ್ದು.

ಜೋನ್ಸ್ ಸಾಹೇಬನ ಸಂದೇಹ

ಕಾಮಲತೆಯ ಶಾಸ್ತ್ರೀಯ ಹೆಸರು ಐಪೋಮಿಯಾ ಕ್ವಾಮೊಕ್ಲಿಟ್. ಲಿನೇಯಸ್ 1753ರಲ್ಲಿ ದಾಖಲಿಸಿದ ಹೆಸರಿದು. ‘ಕ್ವಾಮೊಕ್ಲಿಟ್’ ಎಂಬುದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ನೋಡಿ, ‘ಕಾಮಲತಾ’ ಕೇಳಿಸುತ್ತದೆಯೆ? ಇದೇ ಸಂಶಯ ಇನ್ನೂರು ವರ್ಷಗಳ ಹಿಂದೆ ಸರ್ ವಿಲಿಯಂ ಜೋನ್ಸನಿಗೂ ಬಂತು. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದು, 1784ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ನೆಂಟಸ್ತಿಕೆಯನ್ನು 1786ರಲ್ಲಿ ಸಾರಿದ ಅದೇ ಜೋನ್ಸ್. ಕೊನೆಯ ವರ್ಷಗಳಲ್ಲಿ ಆತನಿಗೆ ಸಸ್ಯಶಾಸ್ತ್ರದ ಹುಚ್ಚು ಹಿಡಿದಿತ್ತು. ಭಾರತದ ಆಯ್ದ ಗಿಡಗಳ ಮೇಲೆ ಆತ ಬರೆದಿಟ್ಟ ಟಿಪ್ಪಣಿಗಳು ಆತ ತೀರಿಕೊಂಡ ಮರುವರ್ಷ, 1795ರಲ್ಲಿ ಸೊಸೈಟಿಯ ಸಂಪುಟದಲ್ಲಿ ಅಚ್ಚಾದವು. ಅವುಗಳಲ್ಲಿ ಕಾಮಲತೆಗೂ ಒಂದು ಜಾಗವಿದೆ. ತನ್ನ ಗಣದಲ್ಲೇ ಇದಕ್ಕಿಂತ ಚೆಲುವಾದುದಿಲ್ಲ ಎಂದು ಹೊಗಳಿ, ಕ್ವಾಮೊಕ್ಲಿಟ್ ಎಂಬುದು ಕಾಮಲತೆಯ ಅಪಭ್ರಂಶವೆಂದೇ ತಾನು ತಿಳಿಯುತ್ತಿದ್ದೆ, ಆದರೆ ಅದು ಅಮೆರಿಕದ ಮಾತಿರಬಹುದೆಂದು ನಂಬಲು ಕಾರಣವಿದೆ ಎನ್ನುತ್ತಾನೆ.

ಭಾಷೆಗಳ ನೆಂಟಸ್ತಿಕೆಯನ್ನು ಕಂಡುಹಿಡಿದ ಮನುಷ್ಯ ಈ ಪ್ರಲೋಭನೆಯ ಎದುರು ನಿಂತುಕೊಂಡನಲ್ಲ, ಅದು ದೊಡ್ಡದು. ಶಬ್ದಗಳ ಹೋಲಿಕೆ ಎಷ್ಟೋ ಪಂಡಿತರನ್ನು ದಾರಿ ತಪ್ಪಿಸಿದೆ. ಬಳ್ಳಿ ಅಮೆರಿಕದ್ದು, ಹೆಸರು ಅಲ್ಲಿಂದಲೇ ಯುರೋಪಿಗೆ ಹೋದದ್ದು. ಇಲ್ಲಿ ಕಾಲಿಟ್ಟ ಮೇಲೆ ನಮ್ಮವರು ಅದಕ್ಕೆ ಸಂಸ್ಕೃತದ ಹೆಸರಿಟ್ಟರು. ಒಂದೇ ಹೆಸರನ್ನು ಇಟ್ಟಿದ್ದರೆ ಬೇರೆ ಮಾತು. ಮರಾಠಿಗರಿಗೆ ಇದು ಗಣೇಶವೇಲ್, ತೆಲುಗರಿಗೆ ಕಾಶೀರತ್ನಂ. ನೆರೆಹೊರೆಯ ಭಾಷೆಗಳಲ್ಲಿ ಒಂದು ಗಿಡಕ್ಕೆ ಪರಸ್ಪರ ಸಂಬಂಧವಿಲ್ಲದ ಹೆಸರುಗಳಿದ್ದು, ಅವೆಲ್ಲ ಅಲಂಕಾರದ ಹೆಸರುಗಳೇ ಆಗಿದ್ದರೆ, ಅದು ತಡವಾಗಿ ಬಂದ ಅತಿಥಿಯಿರಬಹುದೆಂದು ಅನುಮಾನಿಸಬೇಕು. ಇದು ಪುರಾವೆಯಲ್ಲ, ಸುಳಿವು ಅಷ್ಟೆ.

ಪುರಾವೆ ಬೇಕೆಂದರೆ ಕೊಚ್ಚಿಗೆ ಹೋಗಬೇಕು. ಅಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಗಳನ್ನೆಲ್ಲ ಬರೆಯಿಸಿ ‘ಹೊರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅವು ಅಚ್ಚಾದವು. ಆತನಿಗೆ ನೆರವಾದವರಲ್ಲಿ ಇಟ್ಟಿ ಅಚ್ಯುದನ್ ಎಂಬ ನಾಟಿವೈದ್ಯನೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಇದ್ದರು. 1692ರ ಹನ್ನೊಂದನೆಯ ಸಂಪುಟದಲ್ಲಿ ‘ತ್ಸುರಿಯಾ-ಕ್ರಾಂತಿ’ ಎಂಬ ಹೆಸರಿನಲ್ಲಿ ಕಾಮಲತೆಯ ಚಿತ್ರವಿದೆ. ಸೂರ್ಯಕ್ರಾಂತಿಯೋ ಸೂರ್ಯಕಾಂತಿಯೋ ಡಚ್ಚರ ಕಿವಿಗೆ ಹಾಗೆ ಕೇಳಿಸಿರಬೇಕು. ಅಷ್ಟರೊಳಗೆ ಬಳ್ಳಿ ಮಲಬಾರಿನಲ್ಲಿ ಊರಿನದೇ ಒಂದು ಹೆಸರು ಪಡೆಯುವಷ್ಟು ನೆಲೆಯಾಗಿತ್ತು.

ಇದೇ ಸಂಪುಟದಲ್ಲಿ ‘ಮುಂಡವಳ್ಳಿ’ ಎಂಬ ಇನ್ನೊಂದು ಚಿತ್ರವಿದೆ. ಸಂಜೆ ಕಣ್ಣೆದುರಿಗೇ ಬಿಚ್ಚಿಕೊಂಡು ರಾತ್ರಿಯಿಡೀ ಪರಿಮಳ ಬೀರುವ ದೊಡ್ಡ ಬಿಳಿಯ ಹೂವಿನ ಬಳ್ಳಿ, ಇಂಗ್ಲಿಷಿನವರ ‘ಮೂನ್ ಫ್ಲವರ್’. ಲಿನೇಯಸ್ ಇದಕ್ಕೆ ಐಪೋಮಿಯಾ ಆಲ್ಬಾ ಎಂದು ಹೆಸರಿಟ್ಟದ್ದು ಮಲಬಾರಿನ ಈ ಚಿತ್ರದ ಆಧಾರದಿಂದ. ಆದರೆ ಇದೂ ಅಮೆರಿಕದ ಬಳ್ಳಿಯೇ. ಮೆಕ್ಸಿಕೋ ಸೀಮೆಯ ಪ್ರಾಚೀನರು ಇದರ ರಸವನ್ನು ಒಂದು ಮರದ ಹಾಲಿಗೆ ಬೆರೆಸಿ ಪುಟಿಯುವ ರಬ್ಬರ್ ಚೆಂಡುಗಳನ್ನು ಮಾಡುತ್ತಿದ್ದರೆಂದು 1999ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಆ ವಿದ್ಯೆಗೆ ಮೂರೂವರೆ ಸಾವಿರ ವರ್ಷಗಳ ವಯಸ್ಸು. ಅಂದರೆ, ಒಂದು ಅಮೆರಿಕದ ಬಳ್ಳಿಯ ಅಧಿಕೃತ ಗುರುತುಪತ್ರ ನಮ್ಮ ಪಶ್ಚಿಮ ಕರಾವಳಿಯಲ್ಲಿ ತಯಾರಾಯಿತು!

ಹಳೆಯ ಹೆಸರು, ಹೊಸ ಗಿಡ

ಹೆಸರಿಡುವುದರಲ್ಲಿ ಜನರ ಜಾಣತನ ಒಂದೊಂದು ಕಡೆ ಒಂದೊಂದು ರೀತಿ. ಕನ್ನಡ ರೈತ ಸಾಮಾನ್ಯವಾಗಿ ತನ್ನಲ್ಲಿದ್ದ ಹೆಸರನ್ನೇ ಹಿಗ್ಗಿಸಿಕೊಂಡ. ಮೆಣಸು ಇತ್ತು, ಮೆಣಸಿನಕಾಯಿ ಬಂತು. ಜೋಳ ಇತ್ತು, ಮೆಕ್ಕೆಜೋಳ ಬಂತು. ಕಾಡುಗೆಣಸು, ಮುಳ್ಳುಗೆಣಸುಗಳಿದ್ದ ಮನೆಗೆ ಸಿಹಿಗೆಣಸು ಬಂದು ಸೇರಿತು, ಅದರ ಹಿಂದೆ ಮರಗೆಣಸೂ ಬಂತು. ಸಂಕ್ರಾಂತಿಗೆ ಬೇಯಿಸುವ ಗೆಣಸನ್ನು ಪರದೇಶಿ ಎಂದರೆ ಯಾರು ನಂಬಿಯಾರು? ಶಿವರಾತ್ರಿಯ ಉಪವಾಸಕ್ಕೂ ಅದು ಸಲ್ಲುತ್ತದೆ. ಧಾನ್ಯವಲ್ಲದ್ದರಿಂದ ಮಡಿಯವರ ಆಕ್ಷೇಪಣೆಯಿಲ್ಲ.

ಇದರ ನಡುವೆ ಒಂದು ತಮಾಷೆ. ಸಿಹಿಗೆಣಸಿಗೆ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಇಟ್ಟಿದ್ದ ಹೆಸರು ‘ಬಟಾಟ’. ಪೋರ್ಚುಗೀಸರ ಬಾಯಿಂದ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಆಮೇಲೆ ಬಂದ ಆಲೂಗೆಡ್ಡೆ ಆ ಹೆಸರನ್ನು ಕಸಿದುಕೊಂಡಿತು. ಕೊಂಕಣಿ, ಮರಾಠಿಗಳಲ್ಲಿ ಬಟಾಟೆ ಅಂದರೆ ಆಲೂಗೆಡ್ಡೆ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲೂ ಬಟಾಟಿ ಅದೇ. ಮಾರ್ನಿಂಗ್ ಗ್ಲೋರಿಯ ಸಂಸಾರದ ಹೆಸರು ಬದನೆಯ ಸಂಸಾರದ ಗೆಡ್ಡೆಗೆ ಅಂಟಿಕೊಂಡಿದೆ.

ಹೆಸರಿನಂತೆ ಶಿಲ್ಪವನ್ನೂ ನಂಬುವ ಮುನ್ನ ಎರಡು ಸಲ ನೋಡಬೇಕು. ಸೋಮನಾಥಪುರದಂಥ ಹೊಯ್ಸಳ ದೇವಾಲಯಗಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಎಂದು 1989ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ವಾದಿಸಿದರು. ಸೋಮನಾಥಪುರದ ಗುಡಿ 13ನೆಯ ಶತಮಾನದ್ದು. ವಾದ ನಿಜವಾದರೆ ಕೊಲಂಬಸನಿಗಿಂತ ಇನ್ನೂರು ವರ್ಷಕ್ಕೂ ಮೊದಲೇ ಅಮೆರಿಕದ ಬೆಳೆ ಇಲ್ಲಿತ್ತೆಂದಾಗುತ್ತದೆ. ಭಾರತದ ಮೆಕ್ಕೆಜೋಳ ತಜ್ಞರು 1993ರಲ್ಲಿ ಅದನ್ನು ಅಲ್ಲಗಳೆದು, ಅದು ಮುತ್ತುಗಳಿಂದ ಕೂಡಿದ ‘ಮುಕ್ತಾಫಲ’ವೆಂಬ ಕಾಲ್ಪನಿಕ ಹಣ್ಣು ಎಂದರು. ನನಗೂ ಇದೇ ಒಪ್ಪುವಂಥದು. ಶಿಲ್ಪಿಯ ಲತೆ, ಫಲಗಳಿಗೆ ಸಸ್ಯಶಾಸ್ತ್ರದ ಹಂಗಿಲ್ಲ. ದೇವಾಲಯದ ಪಟ್ಟಿಕೆಗಳಲ್ಲಿ ಸುರುಳಿ ಸುತ್ತುವ ಬಳ್ಳಿಯನ್ನು ನೋಡಿ ಇದು ಇಂಥದೇ ಎಂದು ಬೊಟ್ಟು ಮಾಡುವವರು ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ನಮ್ಮವೇ ಆದ ಮಾರ್ನಿಂಗ್ ಗ್ಲೋರಿಗಳು ಇಲ್ಲವೆ? ಧಾರಾಳವಾಗಿವೆ, ಅವುಗಳ ಕಡೆ ನಮ್ಮ ಕಣ್ಣು ಹೋಗುವುದಿಲ್ಲ ಅಷ್ಟೆ. ಕರಾವಳಿಯ ಮರಳದಂಡೆಯ ಮೇಲೆ ಹರಡಿ ಅದನ್ನು ಹಿಡಿದಿಡುವ ಅಡುಂಬು ಬಳ್ಳಿಯ ಹೆಸರು ತಮಿಳಿನ ಸಂಗಂ ಕವಿತೆಗಳಲ್ಲೇ ಬರುತ್ತದೆ. ಅದರ ಬೀಜ ಉಪ್ಪುನೀರಿನಲ್ಲಿ ತೇಲಿಹೋಗಿ ಬೇರೆ ದಂಡೆಯಲ್ಲಿ ಮೊಳೆಯಬಲ್ಲದು. ಪ್ರಪಂಚದ ಬಿಸಿಲುನಾಡುಗಳ ಕಡಲಂಚಿನಲ್ಲೆಲ್ಲ ಅದು ಇರುವುದು ಹಾಗೆ, ಯಾರ ಹಡಗಿನ ಉಪಕಾರವೂ ಇಲ್ಲದೆ. ಎಲೆಯ ಕೆಳಗೆ ಬೆಳ್ಳಿಯ ರೋಮವಿರುವ ವೃದ್ಧದಾರು ಆಯುರ್ವೇದಕ್ಕೆ ಹಳೆಯ ಪರಿಚಯ. ಹುಲಿಪಂಜದಂಥ ಎಲೆಯಿಂದಾಗಿ ಐಪೋಮಿಯಾ ಪೆಸ್-ಟೈಗ್ರಿಡಿಸ್ ಎಂದು ಕರೆಸಿಕೊಂಡ ಬಳ್ಳಿ ಹೊಲದ ಬದುಗಳಲ್ಲಿ ಬೆಳೆದು, ಕಳೆಯೆಂದು ಕಿತ್ತುಹಾಕಿಸಿಕೊಳ್ಳುತ್ತದೆ. ನೆಲಕ್ಕೆ ಅಂಟಿಕೊಂಡು ನೀಲಿಯ ಚುಕ್ಕಿ ಇಟ್ಟಂತೆ ಅರಳುವ ವಿಷ್ಣುಕ್ರಾಂತಿಯೂ ಇದೇ ಕುಟುಂಬ. ಹನುಮಪ್ಪನಾಯಕ ಮಾರ್ನಿಂಗ್ ಗ್ಲೋರಿಯನ್ನು ಕಂಡಿದ್ದರೆ ಇಂಥವುಗಳನ್ನು ಕಂಡಿರಬೇಕು. ಅವನ ಚಪ್ಪರಕ್ಕೆ ಮಲ್ಲಿಗೆ, ಜಾಜಿ, ಮಾಧವಿಗಳಂತೂ ಇದ್ದೇ ಇದ್ದವು.

ದೇಶಿ-ಪರದೇಶಿ ಎಂದು ಗೆರೆ ಎಳೆದು ಸುಮ್ಮನಾಗೋಣವೆಂದರೆ ಮೇಘಾಲಯದ ಬಂಡೆಗಳು ಬಿಡುವುದಿಲ್ಲ. ಅಲ್ಲಿ ದೊರೆತ ಎಲೆಯ ಪಳೆಯುಳಿಕೆಗಳನ್ನು ಐಪೋಮಿಯಾದವೆಂದು ಗುರುತಿಸಿ, ಅವಕ್ಕೆ ಐಪೋಮಿಯಾ ಮೇಘಾಲಯೆನ್ಸಿಸ್ ಎಂದು ಹೆಸರಿಟ್ಟು ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ವಯಸ್ಸು ಐದೂವರೆ ಕೋಟಿ ವರ್ಷಗಳಿಗೂ ಹೆಚ್ಚು. ಭಾರತದ ಭೂಭಾಗ ಏಷ್ಯಕ್ಕೆ ಪೂರ್ತಿ ಬೆಸೆದುಕೊಳ್ಳುವುದಕ್ಕೆ ಮುಂಚಿನ ಮಾತು. ಸಿಕ್ಕಿರುವುದು ಎಲೆಗಳಷ್ಟೇ, ಹೂವಿಲ್ಲ, ಬೀಜವಿಲ್ಲ. ಆದರೂ ಈ ಗುರುತು ನಿಲ್ಲುವುದಾದರೆ, ಹದಿನಾರನೆಯ ಶತಮಾನದಲ್ಲಿ ಹಡಗಿನಿಂದಿಳಿದ ಬಳ್ಳಿಯ ಪೂರ್ವಜರ ಬಂಧುಗಳು ಯಾವುದೋ ಯುಗದಲ್ಲಿ ಈ ನೆಲದಲ್ಲೇ ಹಬ್ಬಿದ್ದರು.

ತಿನ್ನುವ ಸೊಪ್ಪು, ಕೊಲ್ಲುವ ಸೊಪ್ಪು

ಗುರುತು ಹಿಡಿಯುವುದು ಬರಿಯ ಪಂಡಿತರ ಚಟವೆಂದು ತಿಳಿಯಬಾರದು. ಸೂಳೆಕೆರೆಯಂಥ ಮಹಾಕೆರೆ, ಭದ್ರಾ ಕಾಲುವೆಗಳು ಇರುವ ಚನ್ನಗಿರಿ ತಾಲೂಕಿನವರು, ನಮ್ಮ ರಾಜ್ಯದ ಯಾವುದೇ ಕೆರೆಯೂರಿನವರು ತಿಳಿದಿರಬೇಕಾದ ಎರಡು ಐಪೋಮಿಯಾಗಳಿವೆ. ಎರಡೂ ನೀರಿನ ಆಸುಪಾಸಿನವು, ಎರಡಕ್ಕೂ ಟೊಳ್ಳುಕಾಂಡ, ಎರಡಕ್ಕೂ ನಸುಗೆಂಪು-ನೇರಳೆಯ ಆಲಿಕೆ ಹೂ. ಮೊದಲನೆಯದು ನೀರಿನ ಮೇಲೆ ತೇಲುತ್ತ ಅಥವಾ ಕೆಸರಿನ ಮೇಲೆ ಹರಿದು ಗಿಣ್ಣುಗಿಣ್ಣಿಗೆ ಬೇರು ಬಿಡುವ, ಬಾಣದ ಮೊನೆಯಂಥ ಎಲೆಯ ಐಪೋಮಿಯಾ ಅಕ್ವಾಟಿಕಾ. ಸಂಸ್ಕೃತದ ಕಲಂಬೀ, ಬಂಗಾಳಿಗಳ ಕಲ್ಮಿ. ಬಂಗಾಳದಿಂದ ಮಲೇಶಿಯದವರೆಗೆ ದಿನನಿತ್ಯದ ಸೊಪ್ಪು ಅದು.

ಎರಡನೆಯದು ಬಳ್ಳಿಯಲ್ಲ, ಆಳೆತ್ತರವನ್ನೂ ಮೀರಿ ನೆಟ್ಟಗೆ ನಿಲ್ಲುವ ಪೊದೆ; ಎಲೆ ಉದ್ದನೆಯ ಹೃದಯದಾಕಾರ. ಹೆಸರು ಐಪೋಮಿಯಾ ಕಾರ್ನಿಯಾ, ತವರು ಅಮೆರಿಕ. ಬೇಲಿಗೆಂದು ನೆಡುತ್ತಿದ್ದುದು ಕೆರೆಯಂಗಳಕ್ಕೂ ಕಾಲುವೆಯ ಏರಿಗೂ ಇಳಿಯಿತು. ಮುರಿದು ಎಸೆದ ತುಂಡೂ ಕೆಸರಿನಲ್ಲಿ ಬೇರೂರುವುದರಿಂದ ಕಡಿದಷ್ಟೂ ಹಬ್ಬುತ್ತದೆ. ಹಿಂದಿಯವರು ಇದನ್ನು ‘ಬೇಶರಮ್’ ಎನ್ನುತ್ತಾರೆ, ಮಾನಗೆಟ್ಟದ್ದು! ಇದರ ಸೊಪ್ಪಿನಲ್ಲಿ ಸ್ವೈನ್ಸೋನಿನ್ ಎಂಬ ವಿಷವಿದೆ. ಆಡುಕುರಿಗಳು ಮೊದಲು ಮೂಸಿ ಬಿಡುತ್ತವೆ. ಬರಗಾಲದಲ್ಲಿ ಬೇರೆ ಹಸಿರಿಲ್ಲದೆ ಒಮ್ಮೆ ಬಾಯಿ ಹಾಕಿದರೆ ಅದರ ಚಟಕ್ಕೆ ಬೀಳುತ್ತವೆ. ವಾರಗಟ್ಟಲೆ ತಿಂದ ಮೇಲೆ ತಲೆ ನಡುಗುತ್ತದೆ, ಹಿಂಗಾಲು ತಡವರಿಸುತ್ತದೆ, ಕೊನೆಗೆ ಸಾಯುತ್ತವೆ. ಕಾಯಿಲೆಯ ಲಕ್ಷಣ ತಡವಾಗಿ ಕಾಣುವುದರಿಂದ ಕುರಿಗಾಹಿಗೆ ಕಾರಣ ಹೊಳೆಯುವುದೇ ಇಲ್ಲ. ಕಲ್ಮಿಯೆಂದು ಯಾವ ಸೊಪ್ಪನ್ನಾದರೂ ಕೆರೆಯಿಂದ ಕಿತ್ತು ತರುವವರು ಮೊದಲು ನೋಡಬೇಕಾದದ್ದು ಹೂವನ್ನಲ್ಲ, ಅದು ಮಲಗಿದೆಯೋ ನಿಂತಿದೆಯೋ ಎಂಬುದನ್ನು.

ಬೆಳೆಸಬೇಕೆನ್ನುವವರಿಗೆ

ಕಾಮಲತೆ ಪರದೇಶದ್ದೆಂದು ಅದರ ಮೇಲೆ ಮುನಿಸಿಕೊಳ್ಳಬೇಕಾಗಿಲ್ಲ. ಬೆಳೆಸುವುದು ಬಲು ಸುಲಭ. ಮುಂಗಾರಿನ ಮಳೆ ಹಿಡಿದ ಮೇಲೆ ಬೀಜ ಹಾಕಬೇಕು. ಬೀಜದ ಸಿಪ್ಪೆ ಗಟ್ಟಿ. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದರೆ ಅಥವಾ ಒರಟು ಕಲ್ಲಿಗೆ ಒಂದು ಕಡೆ ಉಜ್ಜಿದರೆ ವಾರದೊಳಗೆ ಮೊಳೆಯುತ್ತದೆ. ಅರ್ಧ ಅಂಗುಲ ಆಳ ಸಾಕು. ಕಿತ್ತು ನೆಟ್ಟರೆ ಬೇರು ನೋಯುವುದರಿಂದ ಇರಬೇಕಾದ ಜಾಗದಲ್ಲೇ ಊರುವುದು ಮೇಲು. ಮೊದಲು ಹೊರಡುವ ಎರಡು ಬೀಜದೆಲೆಗಳು ಕವಲೊಡೆದಿರುತ್ತವೆ, ಕಳೆಯೆಂದು ಕೀಳದಿರಿ. ದಿನದ ಹೆಚ್ಚು ಹೊತ್ತು ಬಿಸಿಲು ಬೀಳಬೇಕು. ಹಬ್ಬಲು ಒಂದು ಹುರಿಯೋ ತಂತಿಯ ಬೇಲಿಯೋ ಇರಬೇಕು. ಗೊಬ್ಬರವನ್ನು ಕೈಬಿಚ್ಚಿ ಹಾಕಿದರೆ ಎಲೆಯೇ ಎಲೆ, ಹೂ ಇಲ್ಲ.

ಹೂವಿಗೆ ಇನ್ನೊಂದು ಗುಟ್ಟಿದೆ. ಈ ಸಂಸಾರದ ಅನೇಕ ಬಳ್ಳಿಗಳು ರಾತ್ರಿ ಉದ್ದವಾಗುವುದನ್ನು ಕಾಯುತ್ತವೆ. ಐಪೋಮಿಯಾ ನಿಲ್‌ನ ಒಂದು ಜಪಾನೀ ತಳಿಗೆ 16 ಗಂಟೆಯ ಒಂದೇ ಒಂದು ಕತ್ತಲು ಸಿಕ್ಕರೂ ಸಾಕು, ಮೊಗ್ಗು ಕಟ್ಟುತ್ತದೆ. ಹೂ ಬಿಡುವ ಕಾಲದ ಅಧ್ಯಯನಕ್ಕೆ ಪ್ರಯೋಗಶಾಲೆಗಳು ಅದನ್ನೇ ನೆಚ್ಚಿಕೊಂಡದ್ದುಂಟು. ನಮ್ಮಲ್ಲಿ ಸೆಪ್ಟೆಂಬರ್ ಕಳೆದು ಹಗಲು ಕುಗ್ಗುತ್ತ ಬಂದಂತೆ ಹೂ ಹೆಚ್ಚುತ್ತದೆ. ರಾತ್ರಿಯಿಡೀ ಬೀದಿದೀಪ ಬೀಳುವ ಗೋಡೆಗೆ ಹಬ್ಬಿಸಿ, ಹೂವಿಲ್ಲವೆಂದು ದೂರುವವರು ಜಾಗ ಬದಲಿಸಿ ನೋಡಬಹುದು.

ಕಾಯಿ ಒಣಗಿ ಕಂದಾದಾಗ ಒಳಗೆ ನಾಲ್ಕು ಕಪ್ಪು ಬೀಜ. ಬಿಟ್ಟರೆ ಅವು ತಾವೇ ಸಿಡಿದು ಮುಂದಿನ ಮಳೆಗೆ ನೆರೆಯವರ ಬೇಲಿಯಲ್ಲೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಬಲಿತ ಕಾಯಿಗಳನ್ನು ಆರಿಸಿ ತೆಗೆದು ಕಾಗದದ ಪೊಟ್ಟಣದಲ್ಲಿ ಕಟ್ಟಿಡಬೇಕು. ಈ ಕುಲದ ಬೀಜಗಳು ಹೊಟ್ಟೆಗೆ ಆಗುವುದಿಲ್ಲ. ಪೊಟ್ಟಣ ಮಕ್ಕಳ ಕೈಗೆ ಸಿಗದಿರಲಿ. ಮೇಲೆ ಹೆಸರು ಬರೆಯುವಾಗ ಕಾಮಲತೆ ಎಂದೇ ಬರೆಯಿರಿ. ಮುನ್ನೂರು ವರ್ಷ ಇಲ್ಲಿ ಬಾಳಿದ ಮೇಲೆ ಅದನ್ನು ಕ್ವಾಮೊಕ್ಲಿಟ್ ಎಂದು ಕರೆಯಲು ಯಾರಿಗೆ ನಾಲಗೆ ಹೊರಳೀತು?